ಬಂಕಾಪುರದ ಕೋಟೆ: ಗೋವು, ನವಿಲು ಮತ್ತು ಗಾಳಿ

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಒಕ್ಕಲುತನದೊಡನೆ ಪಶುಪಾಲನೆಯನ್ನೂ ನಂಬಿದ ನಾಡು. ಇವುಗಳಲ್ಲಿ ಶಿಗ್ಗಾಂವ ತಾಲ್ಲೂಕಿನ ಬಂಕಾಪುರಕ್ಕೆ ಜೈನ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವಿದೆ. ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರ ಸುಮಾರಿಗೆ, ಬಂಕೆಯನ ಮಗ ಲೋಕಾದಿತ್ಯನ ಆಳ್ವಿಕೆಯಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದದ್ದು ಇಲ್ಲಿ. ಗಂಗ ದೊರೆ ಮಾರಸಿಂಹನು 974ರ ಸುಮಾರಿಗೆ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ್ದೂ ಇಲ್ಲಿಯೇ.

ಇದೇ ಊರಿನ ಕೋಟೆಯೊಳಗೆ 1919ರಲ್ಲಿ ಖಿಲಾರಿ ದನಗಳ ಸಂವರ್ಧನಾ ಕೇಂದ್ರ ಸ್ಥಾಪನೆಯಾಯಿತು. ದನಗಳಿಗಾಗಿ ಉಳಿದ ಹುಲ್ಲು, ಪೊದೆಗಳು ನವಿಲುಗಳಿಗೂ ಆಶ್ರಯವಾದವು. ಸುಮಾರು 139 ಎಕರೆಯ ಈ ನೆಲೆ 2006ರಲ್ಲಿ ನವಿಲುಧಾಮವೆಂದು ಘೋಷಿತವಾಯಿತು. ಗೋವು, ನವಿಲು ಒಂದೇ ಕೋಟೆಯಲ್ಲಿ ಬಾಳುವ ಈ ತಾಣ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಒಂದು ಜೀವವನ್ನು ಸಾಕುವಾಗ ನೆರೆಯ ಜೀವಕ್ಕೆ ನೋವಾಗದಂತೆ ನಡೆಯುವುದು ಹೇಗೆ?

ದನದ ಮೂತ್ರದಲ್ಲಿ ಯೂರಿಯಾ ಇರುತ್ತದೆ. ಮೂತ್ರವು ಸಗಣಿಯೊಡನೆ ಬೆರೆತಾಗ ಅಲ್ಲಿನ ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯಾ ಅನಿಲವನ್ನು ಹೊರಡಿಸುತ್ತದೆ. ಕೊಟ್ಟಿಗೆಯಲ್ಲಿ ಕಣ್ಣು ಉರಿಸುವ ನಾತ ಇದರದೇ. ಗಾಳಿಗೇರಿದ ಅಮೋನಿಯಾ ಸಮೀಪದ ಕಾಡು, ಕೆರೆಗಳ ಮೇಲೆ ಇಳಿಯುತ್ತದೆ. ಮರದ ತೊಗಟೆಯ ಸೂಕ್ಷ್ಮ ಕಲ್ಲುಹೂಗಳು ನಶಿಸುತ್ತವೆ. ಸಾರಜನಕ ಮಿತಿಮೀರಿದ ನೆಲದಲ್ಲಿ ಕಳೆ ಹಬ್ಬಿ ಸೂಕ್ಷ್ಮ ಸಸ್ಯಗಳು ಸೋಲುತ್ತವೆ. ದೊಡ್ಡ ಪಶುಸಾಕಣೆಯ ಯುರೋಪಿನ ದೇಶಗಳು ಇದನ್ನು ಮನಗಂಡು 1999ರ ಗೋಥೆನ್‌ಬರ್ಗ್ ಒಡಂಬಡಿಕೆಯಲ್ಲಿ ಅಮೋನಿಯಾಕ್ಕೂ ಮಿತಿ ಗೊತ್ತುಪಡಿಸಿದವು.

ಭಾರತದಲ್ಲಿ ಈ ವಿಚಾರ ಹೊಸತಲ್ಲ. ಗೊಬ್ಬರದ ಸತ್ವ ಪೋಲಾಗುವುದನ್ನು ವೋಲ್ಕರ್ 1893ರ ತಮ್ಮ ವರದಿಯಲ್ಲಿ ಚರ್ಚಿಸಿದ್ದರು. ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಅವರು 1931ರಲ್ಲಿ ಪ್ರಕಟಿಸಿದ ಇಂದೂರು ಪದ್ಧತಿಯಲ್ಲಿ ಕೊಟ್ಟಿಗೆಯ ನೆಲಕ್ಕೆ ಮಣ್ಣು ಹರಡಿ, ಮೂತ್ರ ಹೀರಿದ ಆ ಮಣ್ಣನ್ನೇ ಗೊಬ್ಬರಕ್ಕೆ ಬಳಸಿದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೈನುಶಾಲೆ, ಗೋಶಾಲೆಗಳಿಗೆ ಮಾರ್ಗಸೂಚಿ ಹೊರಡಿಸಿತು.

ಉಪಾಯಗಳು ಸರಳವಾದವು. ಮೂತ್ರ ಸಗಣಿಯೊಡನೆ ಬೆರೆಯದೆ ಹರಿದುಹೋಗುವಂತೆ ಇಳಿಜಾರು ನೆಲ ಮಾಡಬೇಕು, ಒಣಹುಲ್ಲು ಹಾಸಬೇಕು, ತಿಪ್ಪೆಗುಂಡಿಯನ್ನು ಮಣ್ಣಿನಿಂದ ಮುಚ್ಚಬೇಕು, ಹೊಲಕ್ಕೆ ಚೆಲ್ಲಿದ ಗೊಬ್ಬರವನ್ನು ಅದೇ ದಿನ ಉತ್ತು ಮಣ್ಣಿಗೆ ಸೇರಿಸಬೇಕು. ಹೀಗೆ ಉಳಿದ ಸಾರಜನಕ ಒಕ್ಕಲಿಗನ ಬೆಳೆಗೇ ಸಲ್ಲುತ್ತದೆ.

ನೆಲ, ಜಲ, ಗಾಳಿ, ಸಸ್ಯಗಳನ್ನೂ ಏಕೇಂದ್ರಿಯ ಜೀವಗಳೆಂದು ಎಣಿಸಿದ ಧರ್ಮದಲ್ಲಿ ಗೋರಕ್ಷಣೆಯು ಮೇವು, ನೀರು ಒದಗಿಸುವಲ್ಲಿಗೆ ಮುಗಿಯುವುದಿಲ್ಲ. ಗೋಶಾಲೆಯ ಕಟ್ಟೆಯನ್ನು ದಾಟಿ ಗಾಳಿ ಹೊತ್ತೊಯ್ಯುವುದಕ್ಕೂ ಅದನ್ನು ನಡೆಸುವವರೇ ಹೊಣೆ.