ಚಿಕ್ಕವೀರರಾಜೇಂದ್ರನ ಮೇಲಣ ಕೊಲೆಯ ಆರೋಪವೂ ನಡೆಯದ ವಿಚಾರಣೆಯೂ

ರಾಜನಾದವನಿಗೆ ದಂಡ್ಯನಲ್ಲದವನು ಯಾವನೂ ಇಲ್ಲವೆಂಬುದು ಮನುಸ್ಮೃತಿಯ ಮತವು. ಸಾಮಾನ್ಯನಿಗೆ ಒಂದು ಕಾರ್ಷಾಪಣವು ದಂಡವಾಗುವಲ್ಲಿ ರಾಜನಿಗೆ ಸಹಸ್ರವೆಂದು ಅದರ ಎಂಟನೆಯ ಅಧ್ಯಾಯವು ವಿಧಿಸುತ್ತದೆ. ಆದರೆ ರಾಜನೇ ಅಪರಾಧಿಯಾದರೆ ಅವನನ್ನು ವಿಚಾರಿಸುವ ಸಭೆ ಯಾವುದು? ಒಂಬತ್ತನೆಯ ಅಧ್ಯಾಯವು ರಾಜರಿಗೂ ದಂಡಧರನು ವರುಣನೆಂದು ಹೇಳಿ ವಿರಮಿಸುತ್ತದೆ. ಈ ಪ್ರಶ್ನೆಯ ಗುರುತ್ವವು ಕೊಡಗಿನ ಕಡೆಯ ಅರಸನ ವೃತ್ತಾಂತದಿಂದ ಸ್ಪಷ್ಟವಾಗುತ್ತದೆ.

ಹೋಲಿಕೆಗಾಗಿ ಮೊದಲು ಇಂಗ್ಲೆಂಡಿನ ಒಂದು ದೃಷ್ಟಾಂತವನ್ನು ನೋಡಬಹುದು. 1760ರ ಜನವರಿಯಲ್ಲಿ ನಾಲ್ಕನೆಯ ಅರ್ಲ್ ಫೆರರ್ಸನು ತನ್ನ ಪಾರುಪತ್ಯಗಾರನಾದ ಜಾನ್ ಜಾನ್ಸನನನ್ನು ಗುಂಡಿಕ್ಕಿ ಕೊಂದನು. ಏಪ್ರಿಲಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಸಭಾಮಂದಿರದಲ್ಲಿ ಅವನ ಸಮಾನಸ್ಕಂಧರಾದ ಪ್ರಭುಗಳೇ ಕುಳಿತು ವಿಚಾರಿಸಿದರು. ತನಗೆ ಚಿತ್ತಭ್ರಮೆಯಿತ್ತೆಂದು ವಾದಿಸಿದ ಅವನೇ ತನ್ನ ಸಾಕ್ಷಿಗಳನ್ನು ಪ್ರಶ್ನಿಸಬೇಕಾಯಿತು. ಅವನ ಪ್ರಶ್ನೆಗಳ ಜಾಣ್ಮೆಯೇ ಅವನ ವಾದಕ್ಕೆ ಬಾಧಕವಾಯಿತು. ದೋಷವು ಸಿದ್ಧವಾಗಿ, ಮೇ 5ರಂದು ಟೈಬರ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ನಿಯಮವು ಕಠೋರವಾಗಿದ್ದರೂ ಸಾಕ್ಷ್ಯವು ಬಹಿರಂಗವಾಗಿತ್ತು, ಪ್ರತಿವಾದಕ್ಕೆ ಎಡೆಯಿತ್ತು.

ಕೊಡಗಿನಲ್ಲಿ ನಡೆದುದು ಬೇರೆ. 1820ರಲ್ಲಿ ಪಟ್ಟವೇರಿದ ಚಿಕ್ಕವೀರರಾಜೇಂದ್ರನು ತನ್ನ ದಾಯಾದಿಗಳನ್ನು ಕೊಲ್ಲಿಸಿದನೆಂಬ ಆರೋಪವು ಪ್ರಬಲವಾಗಿತ್ತು. 1832ರಲ್ಲಿ ಅವನ ಸೋದರಿ ದೇವಮ್ಮಾಜಿಯೂ ಅವಳ ಪತಿ ಚೆನ್ನಬಸವನೂ ಪ್ರಾಣಭಯದಿಂದ ಮೈಸೂರು ಸೀಮೆಗೆ ಓಡಿಬಂದು ಇಂಗ್ಲಿಷ್ ರೆಸಿಡೆಂಟನನ್ನು ಮರೆಹೊಕ್ಕರು. ಅವರನ್ನು ಒಪ್ಪಿಸಬೇಕೆಂದು ಅರಸನು ಕೇಳಿದನು, ಕಂಪೆನಿಯವರು ಒಪ್ಪಲಿಲ್ಲ. 1834ರಲ್ಲಿ ಅರಸನ ಕ್ರೌರ್ಯವನ್ನೂ ಪ್ರಜಾಪೀಡನೆಯನ್ನೂ ಸಾರುವ ಘೋಷಣೆಯು ಹೊರಟಿತು. ಏಪ್ರಿಲಿನಲ್ಲಿ ಮಡಿಕೇರಿಯು ವಶವಾಯಿತು. ಮೇ ತಿಂಗಳಲ್ಲಿ ಕೊಡಗು ಕಂಪೆನಿಯ ರಾಜ್ಯಕ್ಕೆ ಸೇರಿತು. ಅರಸನನ್ನು ಕಾಶಿಗೆ ಕಳುಹಿಸಿದರು. ಕೊಲೆಯ ಆರೋಪವನ್ನು ಮಾತ್ರ ಯಾವ ನ್ಯಾಯಸಭೆಯೂ ವಿಚಾರಿಸಲಿಲ್ಲ. ಇಲ್ಲಿ ಫಿರ್ಯಾದಿಯೂ ದಂಡಧರನೂ ದಂಡದ ಫಲವನ್ನುಂಡವನೂ ಒಬ್ಬನೇ ಎಂಬುದು ಗಮನಾರ್ಹವು.

1852ರಲ್ಲಿ ಲಂಡನ್ನಿಗೆ ಹೋದ ಅರಸನು ತನ್ನ ಮನೆತನದ ಹಣಕ್ಕಾಗಿ ಕಂಪೆನಿಯ ಮೇಲೆ ವ್ಯಾಜ್ಯ ಹೂಡಿದನು; 1859ರಲ್ಲಿ ಅಲ್ಲಿಯೇ ತೀರಿಕೊಂಡನು. ಕಂಪೆನಿಯು ಹಣವನ್ನು ವಶಪಡಿಸಿಕೊಂಡುದು ರಾಜಾಧಿಕಾರದ ಕಾರ್ಯವಾದುದರಿಂದ ನ್ಯಾಯಸ್ಥಾನವು ಅದರಲ್ಲಿ ಕೈಹಾಕಲಾರದೆಂದು 1860ರಲ್ಲಿ ತೀರ್ಪಾಯಿತು. ಹೀಗೆ ಕೊಲೆಯ ಮಾತು ಯಾವ ಸಭೆಗೂ ಬರಲಿಲ್ಲ. ಸಭೆಗೆ ಬಂದ ಹಣದ ಮಾತೂ ಅಧಿಕಾರದ ಮುಂದೆ ನಿಲ್ಲಲಿಲ್ಲ.

ಆದುದರಿಂದ 1855ರ ಮೋಗ್ಲಿಂಗ್ ಪಾದ್ರಿಯ ಕೊಡಗಿನ ವೃತ್ತಾಂತವನ್ನಾಗಲಿ ಮಾಸ್ತಿಯವರ 1956ರ ಕಾದಂಬರಿಯನ್ನಾಗಲಿ ಓದುವವರು ಆರೋಪವನ್ನೇ ತೀರ್ಪೆಂದು ಭಾವಿಸಬಾರದು. ಅರಸನು ನಿರ್ದೋಷಿಯೆಂಬುದು ಇದರ ತಾತ್ಪರ್ಯವಲ್ಲ. ವಿಚಾರಣೆಯು ಲೋಪವಾದಲ್ಲಿ ಆರೋಪಿತನಿಗೆ ಮಾತ್ರವೇ ಅನ್ಯಾಯವಾಗುವುದಿಲ್ಲ. ಹತರಾದವರ ಸಾವಿನ ನಿಜವೂ ಅನಿರ್ಣೀತವಾಗಿಯೇ ಉಳಿಯುತ್ತದೆ.