ದೀಪದ ಧ್ವನಿ, ಗುಹೆಯ ಪ್ರತಿಧ್ವನಿ

ಪರದೆಯ ಮೇಲಿನ ಪ್ರಣಯಕ್ಕೆ ಅರ್ಥ ಹಚ್ಚುವುದು ನಮಗೆಲ್ಲ ಪ್ರಿಯವಾದ ಕೆಲಸ. ರಾತ್ರಿ ಟೆಲಿವಿಷನ್ನಿನಲ್ಲಿ ಧಾರಾವಾಹಿ ಮುಗಿಯುವುದೇ ತಡ, ಅವಳು ಹೂ ಮುಡಿದದ್ದೇಕೆ, ಅವನು ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದ್ದೇಕೆ ಎಂದು ಊಟಕ್ಕೆ ಕುಳಿತಲ್ಲಿ ಚರ್ಚೆ ಏಳುತ್ತದೆ. ಇದು ಇಂದಿನ ಚಟವಲ್ಲ. ದುಷ್ಯಂತನ ಉಂಗುರವನ್ನು ಕುರಿತು ನಮ್ಮ ಹಿರಿಯರು ಶತಮಾನಗಳ ಕಾಲ ಮಾತನಾಡಿದ್ದಾರೆ. ಹೇಳಿದ ಮಾತಿಗಿಂತ ಹೇಳದೆ ಹೊಳೆಯಿಸಿದ ಅರ್ಥವೇ ಕಾವ್ಯದ ಜೀವವೆಂದು ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಪ್ರತಿಪಾದಿಸಿದನು. ಅದಕ್ಕೆ ಧ್ವನಿಯೆಂದು ಹೆಸರಿಟ್ಟನು. ಆದರೆ ಹೊಳೆದ ಅರ್ಥವೆಲ್ಲ ಕೃತಿಯದೇ, ಅಥವಾ ನೋಡುವವನ ಮನಸ್ಸಿನದೇ? ಈ ಪ್ರಶ್ನೆಯನ್ನು ಪರೀಕ್ಷಿಸಲು ರಾಮನಗರ ಮತ್ತು ಮಾಗಡಿ ಸೀಮೆಯ ಬಂಡೆಗಳಿಗಿಂತ ತಕ್ಕ ಸ್ಥಳ ನನಗೆ ತೋರದು. ಹತ್ತು ಹನ್ನೊಂದು ವರ್ಷಗಳ ಅಂತರದಲ್ಲಿ ಎರಡು ಪ್ರಸಿದ್ಧ ಪ್ರಣಯಕಥೆಗಳು ಇಲ್ಲಿ ಚಿತ್ರವಾದವು. ಒಂದರಲ್ಲಿ ಪ್ರೇಮವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇನ್ನೊಂದರಲ್ಲಿ ಪ್ರೇಮವೇ ಇಲ್ಲ, ಆದರೂ ಊರೆಲ್ಲ ಅದಕ್ಕೆ ಅರ್ಥ ಕಟ್ಟುತ್ತದೆ.

ಈ ಸೀಮೆಯ ಕಲ್ಲು ಬಹಳ ಹಳೆಯದು. ಸುಮಾರು ೨೫೦ ಕೋಟಿ ವರ್ಷಗಳ ಹಿಂದಿನ ಈ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕ್ಲೋಸ್‌ಪೇಟೆಯೆಂದರೆ ರಾಮನಗರವೇ, ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ಹೆಸರು ಊರಿಗೆ ಅಂಟಿ, ಮುಂದೆ ಕಳಚಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಸೇರಿ ೨೦೦೭ರಲ್ಲಿ ಜಿಲ್ಲೆಯಾಯಿತು. ೨೦೨೫ರಲ್ಲಿ ಆ ಜಿಲ್ಲೆಗೂ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಹೆಸರುಗಳು ಬಂದು ಹೋದವು. ಬಂಡೆ ಮಾತ್ರ ಇದ್ದಲ್ಲೇ ಇದೆ.

೧೯೭೩ರ ಅಕ್ಟೋಬರಿನಲ್ಲಿ ರಾಮದೇವರ ಬೆಟ್ಟದ ಬುಡಕ್ಕೆ ಮುಂಬಯಿಯ ಚಿತ್ರತಂಡವೊಂದು ಬಂದಿಳಿಯಿತು. ನಿರ್ದೇಶಕ ರಮೇಶ್ ಸಿಪ್ಪಿ; ಕಥೆ ಸಲೀಂ–ಜಾವೇದ್ ಜೋಡಿಯದು. ಹೆದ್ದಾರಿಯಿಂದ ಬೆಟ್ಟದವರೆಗೆ ರಸ್ತೆ ಮಾಡಿ, ಕಲಾನಿರ್ದೇಶಕ ರಾಮ್ ಯೇಡೇಕರರು ರಾಮಗಢವೆಂಬ ಇಡೀ ಊರನ್ನೇ ಕಟ್ಟಿ ನಿಲ್ಲಿಸಿದರು. ೧೯೭೫ರ ಆಗಸ್ಟ್ ೧೫ರಂದು ‘ಶೋಲೆ’ ತೆರೆಕಂಡಿತು. ಗಬ್ಬರನ ಅಟ್ಟಹಾಸ, ಬಸಂತಿಯ ಟಾಂಗಾ ಎಲ್ಲರ ಬಾಯಲ್ಲೂ ಇವೆ. ನನ್ನ ಗಮನವಿರುವುದು ಮಾತೇ ಇಲ್ಲದ ಒಂದು ಪುಟ್ಟ ಪ್ರಸಂಗದ ಮೇಲೆ.

ಸಂಜೆಗತ್ತಲು. ಠಾಕೂರನ ವಿಧವೆ ಸೊಸೆ ರಾಧಾ ಬಿಳಿಯ ಸೀರೆಯುಟ್ಟು ಮನೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತ ನಡೆಯುತ್ತಾಳೆ. ಎದುರಿನ ಹೊರಮನೆಯ ಬಳಿ ಕುಳಿತ ಜಯ್ ಮೌತ್ ಆರ್ಗನ್ ನುಡಿಸುತ್ತಾನೆ. ಇಷ್ಟೇ. ಇಂಥ ಎರಡು ಪುಟ್ಟ ದೃಶ್ಯಗಳಿಗೆ ತಕ್ಕ ಬೆಳಕು ಸಿಗಲೆಂದು ತಂಡದವರು ೨೦ ದಿನ ಶ್ರಮಿಸಿದರಂತೆ. ಛಾಯಾಗ್ರಾಹಕ ದ್ವಾರಕಾ ದಿವೇಚಾರ ತಾಳ್ಮೆ ದೊಡ್ಡದು. ಪಾತ್ರಗಳಲ್ಲಿ ಎಂದೂ ಒಂದಾಗದ ಈ ಇಬ್ಬರು ಅದೇ ವರ್ಷದ ಜೂನಿನಲ್ಲಷ್ಟೇ ಮದುವೆಯಾದ ಅಮಿತಾಭ್ ಬಚ್ಚನ್, ಜಯಾ ಭಾದುರಿ ಎಂಬುದನ್ನೂ ನೆನೆಯಬಹುದು.

ಈ ದೀಪದ ಅರ್ಥ ಕನ್ನಡ ಮನೆಯಲ್ಲಿ ಬೆಳೆದವರಿಗೆ ಇನ್ನಷ್ಟು ತೀಕ್ಷ್ಣವಾಗಿ ನಾಟುತ್ತದೆ. ನಮ್ಮ ಹಿರಿಯರು ‘ದೀಪ ಆರಿಸು’ ಎನ್ನಲು ಹಿಂಜರಿದು, ‘ದೀಪ ದೊಡ್ಡದು ಮಾಡು’ ಎನ್ನುವುದುಂಟು. ಆರುವುದೆಂಬ ಮಾತೇ ಅಮಂಗಳವೆಂಬ ಭಯ. ಗಂಡ ಸತ್ತ ಹೆಣ್ಣಿಗೆ ಅರಿಸಿನ ಕುಂಕುಮದ ಜೊತೆಗೆ ಮಂಗಳವೆಂಬುದೆಲ್ಲ ದೂರವಾದ ಮೇಲೆ, ಆರಿಸುವ ಕೆಲಸವೊಂದೇ ಆಕೆಯ ಪಾಲಿಗೆ ಉಳಿಯಿತೇ ಎಂದು ಆ ಚಿತ್ರ ಕೇಳುವಂತಿದೆ. ಆಚೆಯ ಮೌತ್ ಆರ್ಗನ್ನಿನ ಸ್ವರ ಮಾತ್ರ ಆರುವುದಿಲ್ಲ. ಇಲ್ಲಿ ಯಾರೂ ವಿವರಿಸಬೇಕಾದ್ದಿಲ್ಲ. ಪಂಡಿತನಿಗೂ ಪಾಮರನಿಗೂ ಒಂದೇ ಅರ್ಥ ಹೊಳೆಯುತ್ತದೆ. ಇದು ನಿಜವಾದ ಧ್ವನಿ.

ಬಹಳ ವರ್ಷಗಳ ಹಿಂದೆ ಒಂದು ಭಾನುವಾರ ಚನ್ನಪಟ್ಟಣದ ನಮ್ಮ ಸೋದರತ್ತೆಯ ಮನೆಯಲ್ಲಿ ಈ ಚಿತ್ರವನ್ನು ಟೆಲಿವಿಷನ್ನಿನಲ್ಲಿ ನೋಡಿದೆವು. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಜಯ್ ಸತ್ತು, ರಾಧೆಯ ಕಿಟಕಿ ಮುಚ್ಚಿಕೊಂಡಾಗ ಅವರು ಒಂದೇ ಮಾತು ಹೇಳಿದರು: “ಆ ಹುಡುಗ ಬದುಕಿದ್ದಿದ್ದರೆ ಇವರ ಗಂಟೇನು ಹೋಗ್ತಿತ್ತೋ?” ನಾನು ಆಗಷ್ಟೇ ಅಲಂಕಾರಶಾಸ್ತ್ರ ಓದಿದ್ದ ಹುಮ್ಮಸ್ಸಿನಲ್ಲಿ, “ಅತ್ತೆ, ಇದು ವಿಪ್ರಲಂಭ ಶೃಂಗಾರ. ಕೂಡಿದರೆ ರಸ ಕೆಡುತ್ತೆ” ಎಂದೆ. ಅವರು ನಕ್ಕು, “ಇರಬೌದಪ್ಪ” ಎಂದು ಕಾಫಿ ಕಾಸಲು ಎದ್ದರು.

ನನ್ನ ಉತ್ತರ ತಪ್ಪೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ಮೊದಲನೆಯದಾಗಿ ಶಾಸ್ತ್ರದ ಪ್ರಕಾರವೇ ಅದು ತಪ್ಪು. ಪ್ರೇಮಿಗಳಲ್ಲಿ ಒಬ್ಬರು ಸತ್ತು, ಪುನರ್ಮಿಲನದ ಆಸೆಯೇ ಅಳಿದರೆ ಅಲ್ಲಿ ಶೃಂಗಾರವಿಲ್ಲ, ಕರುಣವೇ ಇರುವುದೆಂದು ‘ದಶರೂಪಕ’ದ ಧನಂಜಯನು ಸ್ಪಷ್ಟವಾಗಿ ಹೇಳಿದ್ದಾನೆ. ನಾನು ಶೃಂಗಾರವೆಂದು ಸವಿದದ್ದನ್ನು ಅತ್ತೆ ಕರುಣವೆಂದು ಸರಿಯಾಗಿಯೇ ಕಂಡಿದ್ದರು.

ಎರಡನೆಯದಾಗಿ, ಕಥೆಯೇ ಆ ಸಾವನ್ನು ಬೇಡಿತೆಂಬ ವಾದವೂ ನಿಲ್ಲದು. ಚಿತ್ರದಲ್ಲಿ ಹಿರಿಯರ ಒಪ್ಪಿಗೆಯಿದೆ. ಠಾಕೂರನೇ ಸೊಸೆಯ ಮರುಮದುವೆಯ ಮಾತನ್ನು ಆಕೆಯ ತಂದೆಯ ಮುಂದೆ ಎತ್ತುತ್ತಾನೆ. ಕಾನೂನಿನ ಅಡ್ಡಿಯಂತೂ ಇಲ್ಲ. ವಿಧವಾ ವಿವಾಹದ ಕಾಯಿದೆ ಬಂದದ್ದು ೧೮೫೬ರಲ್ಲಿ. ಇನ್ನು ಮುಕ್ತಾಯವನ್ನು ತಿದ್ದಬಾರದೆಂಬ ನಿಯಮವಿತ್ತೇ ಎಂದರೆ, ಅದೂ ಇಲ್ಲ. ಮೊದಲು ಚಿತ್ರಿಸಿದ ಮುಕ್ತಾಯದಲ್ಲಿ ಠಾಕೂರನು ಗಬ್ಬರನನ್ನು ಕೊಲ್ಲುತ್ತಿದ್ದನು. ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರಿನವರು ಒಪ್ಪಲಿಲ್ಲವೆಂದು ಅದನ್ನು ಹೊಸದಾಗಿ ಚಿತ್ರಿಸಿ, ಪೊಲೀಸರನ್ನು ಕರೆತಂದು ಗಬ್ಬರನನ್ನು ಬದುಕಿಸಲಾಯಿತು. ಕಾನೂನಿನ ಮರ್ಯಾದೆಗಾಗಿ ಡಕಾಯಿತ ಬದುಕಬಹುದಾದರೆ, ಒಬ್ಬ ಹೆಣ್ಣಿನ ಬಾಳಿಗಾಗಿ ಜಯ್ ಬದುಕಬಾರದಿತ್ತೇ?

ಕನ್ನಡದ ಓದುಗನಿಗೆ ಇಲ್ಲಿ ಇನ್ನೊಂದು ಹೆಸರು ನೆನಪಾಗದಿರದು. ದಕ್ಷಿಣ ಕನ್ನಡದ ಗುಲ್ವಾಡಿ ವೆಂಕಟರಾಯರು, ಪೊಲೀಸು ಇಲಾಖೆಯಲ್ಲಿದ್ದವರು, ೧೮೯೯ರಲ್ಲಿ ‘ಇಂದಿರಾಬಾಯಿ’ ಕಾದಂಬರಿಯನ್ನು ಪ್ರಕಟಿಸಿದರು. ಅದರ ಎಳೆಯ ವಿಧವೆ ಓದಿ, ಭಾಸ್ಕರನನ್ನು ಮದುವೆಯಾಗುತ್ತಾಳೆ. ‘ಶೋಲೆ’ಗೆ ೭೬ ವರ್ಷ ಮೊದಲೇ ನಮ್ಮ ಭಾಷೆ ಹಚ್ಚಿದ್ದ ದೀಪವನ್ನು ಕೋಟಿಗಟ್ಟಲೆ ಜನ ಕಂಡ ಚಿತ್ರವು ಹಚ್ಚಲಾರದೆ ಹೋಯಿತು. ಆ ಚಿತ್ರದ ಸೊಬಗನ್ನು ನಾನು ಅಲ್ಲಗಳೆಯುವುದಿಲ್ಲ. ಆ ಸೊಬಗಿನ ಬೆಲೆಯನ್ನು ತೆತ್ತವರು ಯಾರು ಎಂದಷ್ಟೇ ಕೇಳುತ್ತೇನೆ.

ಇನ್ನು ಎರಡನೆಯ ಕಥೆ. ಇ. ಎಂ. ಫಾರ್ಸ್ಟರನ ‘ಎ ಪ್ಯಾಸೇಜ್ ಟು ಇಂಡಿಯಾ’ ೧೯೨೪ರ ಕಾದಂಬರಿ. ಅದನ್ನು ನಾಟಕವಾಗಿಸಿದವರು ಶಾಂತಾ ರಾಮರಾವ್. ದಕ್ಷಿಣ ಕನ್ನಡದ ಬೆನಗಲ್ ಮನೆತನದವರು, ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದ ಬೆನಗಲ್ ರಾಮರಾಯರ ಮಗಳು. ನಾಟಕ ೧೯೬೦ರಲ್ಲಿ ಇಂಗ್ಲೆಂಡಿನ ರಂಗವೇರಿತು. ಅದರ ಆಧಾರದ ಮೇಲೆ ೧೯೬೫ರಲ್ಲಿ ಬಿ.ಬಿ.ಸಿ. ಟೆಲಿವಿಷನ್ ನಾಟಕವನ್ನು ಪ್ರಸಾರಮಾಡಿತು. ಅದರ ನಿರ್ದೇಶಕ ವಾರಿಸ್ ಹುಸೇನ್. ಡಾಕ್ಟರ್ ಅಜೀಜ್ ಆಗಿ ನಟಿಸಿದವರು ಜಿಯಾ ಮೊಹಿಯುದ್ದೀನ್. ಮುಂದೆ ಡೇವಿಡ್ ಲೀನ್ ಚಲನಚಿತ್ರಕ್ಕೆ ಕೈಹಾಕಿದಾಗ, ಕಾದಂಬರಿಗೆ ಮೂಲವಾದ ಬಿಹಾರದ ಬರಾಬರ್ ಗುಹೆಗಳು ಆತನ ಕಣ್ಣಿಗೆ ಸಪ್ಪೆಯಾಗಿ ಕಂಡವು. ಆತ ಆರಿಸಿಕೊಂಡದ್ದು ಮಾಗಡಿಯ ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ. ಅಲ್ಲಿ ಗುಹೆಯ ಬಾಯಿಗಳನ್ನು ಚಿತ್ರಕ್ಕಾಗಿಯೇ ಕೊರೆಸಿದರು. ಚಿತ್ರ ೧೯೮೪ರಲ್ಲಿ ಬಂದಿತು.

ಕಥೆ ಹೀಗಿದೆ. ಅಡೇಲಾ ಎಂಬ ಆಂಗ್ಲ ಯುವತಿ ತನ್ನನ್ನು ಮದುವೆಯಾಗಲಿರುವ ಮ್ಯಾಜಿಸ್ಟ್ರೇಟ್ ರಾನಿಯನ್ನು ನೋಡಲು ಭಾರತಕ್ಕೆ ಬರುತ್ತಾಳೆ. ಅಜೀಜನೊಡನೆ ಗುಹೆಗಳನ್ನು ನೋಡಲು ಬೆಟ್ಟ ಹತ್ತುವಾಗ, ತನಗೂ ರಾನಿಗೂ ನಡುವೆ ಪ್ರೇಮವಿಲ್ಲವೆಂಬುದು ಆಕೆಗೆ ಹೊಳೆಯುತ್ತದೆ. ಒಬ್ಬಳೇ ಗುಹೆ ಹೊಕ್ಕು, ಹೆದರಿ ಓಡಿ ಬರುತ್ತಾಳೆ. ಅಜೀಜನ ಮೇಲೆ ಆರೋಪ ಬರುತ್ತದೆ. ಪಟ್ಟಿ ಹರಿದ ದುರ್ಬೀನು ಸಾಕ್ಷಿಯಾಗುತ್ತದೆ. ಕೊನೆಗೆ ನ್ಯಾಯಾಲಯದಲ್ಲಿ ಆಕೆಯೇ ಆರೋಪವನ್ನು ಹಿಂದಕ್ಕೆ ಪಡೆಯುತ್ತಾಳೆ.

ಫಾರ್ಸ್ಟರನು ಗುಹೆಯೊಳಗೆ ಏನಾಯಿತೆಂಬುದನ್ನು ಹೇಳುವುದೇ ಇಲ್ಲ. ಅಲ್ಲಿರುವುದು ಪ್ರತಿಧ್ವನಿಯೊಂದೇ, ಯಾರು ಏನು ನುಡಿದರೂ ಒಂದೇ ಮಂಕು ಸದ್ದಾಗಿ ಮರಳುತ್ತದೆ. ಆ ಬರಿದಾದ ಗುಹೆಗೆ ಆಂಗ್ಲರು ತಮ್ಮ ಭಯವನ್ನು ತುಂಬಿದರು. ಹಿಂದೂಸ್ಥಾನದವರು ತಮ್ಮ ರೋಷವನ್ನು ತುಂಬಿದರು. ಇದಕ್ಕೆ ಮುನ್ಸೂಚನೆಯಾಗಿ ಕಾದಂಬರಿಯಲ್ಲಿ ಒಂದು ಸಣ್ಣ ಸಂಗತಿ ಬರುತ್ತದೆ. ಅಜೀಜನು ಸ್ನೇಹದಿಂದ ತನ್ನ ಕಾಲರಿನ ಗುಂಡಿಯನ್ನು ಕಿತ್ತು ಫೀಲ್ಡಿಂಗನಿಗೆ ಕೊಡುತ್ತಾನೆ. ಆಮೇಲೆ ಅವನ ಕಾಲರ್ ಮೇಲೆದ್ದುದನ್ನು ಕಂಡ ರಾನಿ, ಈ ದೇಶದವರ ಅಶಿಸ್ತಿಗೆ ಇದೇ ಗುರುತೆಂದು ತೀರ್ಮಾನಿಸುತ್ತಾನೆ. ಔದಾರ್ಯದ ಕುರುಹು ಆತನ ಕಣ್ಣಿಗೆ ಸೋಮಾರಿತನದ ಕುರುಹು! ಗುಂಡಿಯನ್ನು ತಪ್ಪಾಗಿ ಓದಿದವರೇ ಮುಂದೆ ಗುಹೆಯನ್ನೂ ತಪ್ಪಾಗಿ ಓದುತ್ತಾರೆ.

ಲೀನ್ ಈ ಮೌನವನ್ನು ಪೂರ್ತಿ ಸಹಿಸಲಿಲ್ಲ. ಅಡೇಲಾ ಸೈಕಲ್ಲೇರಿ ಹೋಗಿ, ಪಾಳುಬಿದ್ದ ಗುಡಿಯ ಶೃಂಗಾರ ಶಿಲ್ಪಗಳನ್ನು ಕಂಡು, ಕೋತಿಗಳಿಗೆ ಹೆದರಿ ಓಡಿಬರುವ ಪ್ರಸಂಗ ಕಾದಂಬರಿಯಲ್ಲಿಲ್ಲ, ಲೀನ್ ಸೇರಿಸಿದ್ದು. ಅದರಿಂದ, ಗುಹೆಯಲ್ಲಿ ಆದದ್ದು ಆಕೆಯ ಅದುಮಿಟ್ಟ ಬಯಕೆಯ ಭ್ರಮೆಯೆಂದು ಪ್ರೇಕ್ಷಕನು ಸುಲಭವಾಗಿ ತೀರ್ಮಾನಿಸುತ್ತಾನೆ. ಚಿತ್ರಕ್ಕೆ ಸ್ಪಷ್ಟತೆ ಬಂದಿತು, ನಿಜ. ಆದರೆ ಪ್ರತಿಧ್ವನಿಗೆ ಹೀಗೆ ಅರ್ಥ ಬರೆದಾಗ, ಅವಸರದ ತೀರ್ಪಿನ ವಿರುದ್ಧ ಹುಟ್ಟಿದ ಕಥೆಯಲ್ಲೇ ಒಂದು ಅವಸರದ ತೀರ್ಪು ಹೊಕ್ಕಿತೆಂದು ನನಗನಿಸುತ್ತದೆ.

ಮೊನ್ನೆ ರಾಮದೇವರ ಬೆಟ್ಟ ಹತ್ತಿದ್ದೆ. ೨೦೧೨ರಿಂದ ಅದು ರಣಹದ್ದುಗಳ ವನ್ಯಧಾಮ. ಮೇಲೆ ಶ್ರೀರಾಮನ ಗುಡಿಯಿದೆ. ಕೆಳಗೆ ರಾಮಗಢವೆಂಬ ಊರು ನಿಂತಿದ್ದ ಜಾಗದಲ್ಲಿ ಊರಿಲ್ಲ. ಪಕ್ಕದಲ್ಲಿ ನಿಂತ ಕಾಲೇಜು ಹುಡುಗರು ಬಂಡೆಗೆ ಕೂಗು ಹಾಕಿ, ತಮ್ಮ ಕೂಗೇ ಮರಳಿ ಬಂದುದಕ್ಕೆ ಸಂತೋಷಪಡುತ್ತಿದ್ದರು. ಅರ್ಥ ಹಚ್ಚುವ ನಮ್ಮ ಕೆಲಸವೂ ಎಷ್ಟೋ ಸಲ ಇಷ್ಟೇ. ಅಂದು ಚನ್ನಪಟ್ಟಣದಲ್ಲಿ ನಾನು ಅತ್ತೆಯ ಮಾತನ್ನು ಕೇಳಲಿಲ್ಲ. ನಾನು ಓದಿದ್ದ ಪುಸ್ತಕದ ಸದ್ದು ನನಗೇ ಮರಳಿ ಕೇಳಿಸಿತು. ಅತ್ತೆ ಈಗ ಇಲ್ಲ. ಆ ಉತ್ತರವನ್ನು ತಡವಾಗಿಯಾದರೂ ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಆ ಹುಡುಗ ಬದುಕಿದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.