ನಾಲಗೆಯ ತೊಡಕು ಬಿಡಿಸುವ ವೃತ್ತಿ

ಕೆಲವು ವರ್ಷಗಳ ಹಿಂದೆ ವೈಯಾಲಿಕಾವಲಿನ ನಮ್ಮ ಮನೆಗೆ ಹಳೆಯ ಶಿಷ್ಯನೊಬ್ಬ ತಂದೆಯೊಡನೆ ಬಂದ. ‘ಮೇಷ್ಟ್ರೇ, ಮೈಸೂರಿನಲ್ಲಿ ವಾಕ್ ಚಿಕಿತ್ಸೆ ಓದಬೇಕೆಂದಿದ್ದೇನೆ’ ಎನ್ನುವಷ್ಟರಲ್ಲಿ ಅವನ ಮಾತು ಮೂರು ಕಡೆ ತಡೆಯಿತು. ‘ನೀವೇ ಹೇಳಿ ಸ್ವಾಮಿ, ಉಗ್ಗುವವನು ಮಾತಿಗೆ ವೈದ್ಯನಾದಾನೆ?’ ಎಂದರು ತಂದೆ. ನಾನು ತಲೆ ತಗ್ಗಿಸಿದೆ. ತರಗತಿಯಲ್ಲಿ ಇದೇ ಹುಡುಗನನ್ನು ನಿಲ್ಲಿಸಿ ಷಟ್ಪದಿ ಓದಿಸಿ, ತಡೆದಾಗಲೆಲ್ಲ ‘ಮೊದಲಿಂದ ಹೇಳು’ ಎಂದವನು ನಾನೇ. ಉತ್ತರ ಹುಡುಕಲು ಆ ವಿದ್ಯೆಯ ಚರಿತ್ರೆಯನ್ನು ಓದತೊಡಗಿದೆ.

ಧ್ವನಿ ಹುಟ್ಟುವ ಬಗೆಯನ್ನು ನಮ್ಮವರು ಅರಿಯದವರಲ್ಲ. ಶಿಕ್ಷಾಗ್ರಂಥಗಳು ಸ್ಥಾನ, ಕರಣ, ಪ್ರಯತ್ನಗಳನ್ನು ವಿಂಗಡಿಸಿದುವು. ಹದಿಮೂರನೆಯ ಶತಮಾನದ ಕೇಶಿರಾಜ ನಾಭಿಮೂಲದಿಂದ ಶಬ್ದವು ಕಹಳೆಯಂತೆ ಹೊಮ್ಮುವುದೆಂದ. ಆದರೆ ಕಹಳೆಯೇ ನುಡಿಯದಿದ್ದರೆ? ಅದಕ್ಕೆ ನಾವು ಪಂಡಿತ ಪರೀಕ್ಷೆಗೆ ಓದಿದ್ದರಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಬಜೆ ತೇದು ನೆಕ್ಕಿಸುತ್ತಿದ್ದರು, ಶಾಲೆಯಲ್ಲಿ ಗದರುತ್ತಿದ್ದೆವು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆ ದೊರೆತದ್ದು 1965ರಲ್ಲಿ, ಮೈಸೂರಿನ ಒಂಟಿಕೊಪ್ಪಲಿನ ರಾಮಮಂದಿರದಲ್ಲಿ. ಅಮೆರಿಕದ ವಿಚಿಟಾ ನಗರದಲ್ಲಿ ಇಂಥ ಸಂಸ್ಥೆ ನಡೆಸುತ್ತಿದ್ದ ಡಾ. ಮಾರ್ಟಿನ್ ಪಾಮರ್ ಇದರ ಪ್ರೇರಕರು. ಮಾನಸಗಂಗೋತ್ರಿಯಲ್ಲಿ ಕಟ್ಟಡಕ್ಕೆ 1966ರ ಜುಲೈ 25ರಂದು ಶಂಕುಸ್ಥಾಪನೆ ಮಾಡಿದವರು ರಾಷ್ಟ್ರಪತಿ ರಾಧಾಕೃಷ್ಣನ್. ಹಿಂದೆ ಅದೇ ಊರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಅದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿ ಸ್ನಾತಕೋತ್ತರ ವ್ಯಾಸಂಗ ಮೊದಲು ಬಂತು, ಪದವಿ ವ್ಯಾಸಂಗ ಆಮೇಲೆ. ಕಲಿಸುವವರು ಬೇಕಲ್ಲವೆ!

ಕನ್ನಡ ಮೇಷ್ಟರಾದ ನನಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆ. ಇಂಗ್ಲಿಷಿನ ಪದಪಟ್ಟಿಯಿಂದ ನಮ್ಮ ಮಗುವಿನ ಳಕಾರ ಣಕಾರಗಳನ್ನು ಪರೀಕ್ಷಿಸುವುದು ಹೇಗೆ? ‘ಹಳ್ಳಿ’ ‘ಹಲ್ಲಿ’ಯಾದರೆ ಅದು ದೋಷವೋ, ಎಳೆಯ ತೊದಲೋ, ಮನೆಯ ರೂಢಿಯೋ? ಇದನ್ನು ತೂಗಲು ಕನ್ನಡದ್ದೇ ತಕ್ಕಡಿ ಬೇಕು. 1972ರ ವೇಳೆಗೆ ಆ ಸಂಸ್ಥೆಯವರೇ ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದನ್ನು ರಚಿಸಿದ್ದರು.

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಇದು ತರಬೇತಿಯೂ ಸೇರಿ ನಾಲ್ಕು ವರ್ಷಗಳ ಪದವಿ. 1992ರ ಪುನರ್ವಸತಿ ಪರಿಷತ್ತಿನ ಕಾಯಿದೆಯ ತರುವಾಯ ನೋಂದಣಿಯಿಲ್ಲದೆ ವೃತ್ತಿ ನಡೆಸುವಂತಿಲ್ಲ. ಕೆಲಸ ಉಗ್ಗಿಗಷ್ಟೇ ಮುಗಿಯದು: ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು, ಸೀಳು ಅಂಗಳದ ಮಕ್ಕಳು, ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ನುಂಗಲಾರದವರು ಕೂಡ ಇವರಲ್ಲಿಗೇ ಬರುತ್ತಾರೆ.

ತಂದೆಯ ಪ್ರಶ್ನೆಗೂ ಉತ್ತರ ದೊರೆಯಿತು. ಅಮೆರಿಕದಲ್ಲಿ ಉಗ್ಗಿನ ಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ವೆಂಡೆಲ್ ಜಾನ್ಸನ್, ಚಾರ್ಲ್ಸ್ ವ್ಯಾನ್ ರೈಪರ್ ಇಬ್ಬರೂ ಸ್ವತಃ ಉಗ್ಗುವವರು. ಇದನ್ನು ಅವರ ಮನೆಗೇ ಹೋಗಿ ತಿಳಿಸಿದೆ. ಹುಡುಗ ಮೈಸೂರಿಗೆ ಹೋದ.

ಮೊದಲ ರಜೆಯಲ್ಲಿ ಬಂದವನು ನನಗೇ ಒಂದು ಪಾಠ ಹೇಳಿದ: ‘ಮಗು ತಡೆದಾಗ ನೀವು ವಾಕ್ಯ ಪೂರ್ತಿ ಮಾಡಬೇಡಿ, ಮೊದಲಿಂದ ಹೇಳೆನ್ನಬೇಡಿ, ಸುಮ್ಮನೆ ಕಾಯಿರಿ ಮೇಷ್ಟ್ರೇ.’ ಈ ವರ್ಷ ಎಂಟನೆಯ ತರಗತಿಯಲ್ಲಿ ಹುಡುಗಿಯೊಬ್ಬಳು ಪಕಾರದಲ್ಲಿ ನಿಲ್ಲುತ್ತಾಳೆ. ನಾನು ಪುಸ್ತಕ ಮಡಿಸಿ ಕಾಯುತ್ತೇನೆ.